ಎಡಪುಟದ ಅಕ್ಕ, ಬಲಪುಟದ ತಂಗಿ

ಪುಸ್ತಕದ ಮೊದಲ ಪುಟ ಯಾವಾಗಲೂ ಒಂಟಿ. ಕಂಪ್ಯೂಟರಿನಲ್ಲಿ ಹೊಸ ಪುಸ್ತಕ ತೆರೆದು ‘ಫೇಸಿಂಗ್ ಪೇಜಸ್’, ಅಂದರೆ ಜೋಡಿಪುಟ, ಎಂಬ ಪುಟ್ಟ ಚೌಕದಲ್ಲಿ ಟಿಕ್ ಹಾಕಿದೆನೆಂದರೆ, ಪರದೆಯ ಬಲಭಾಗದಲ್ಲಿ ಒಂದೇ ಒಂದು ಬಿಳಿಯ ಪುಟ ಬಂದು ನಿಲ್ಲುತ್ತಿತ್ತು. ಅದರ ಎಡಕ್ಕೆ ಏನೂ ಇಲ್ಲ, ಬರೀ ಬೂದು ಬಣ್ಣ. ಅದರ ಕೆಳಗೆ ಎರಡು-ಮೂರು, ನಾಲ್ಕು-ಐದು, ಆರು-ಏಳು ಎಂದು ಉಳಿದ ಪುಟಗಳೆಲ್ಲ ಜೋಡಿಜೋಡಿಯಾಗಿ ಕೂತಿರುತ್ತಿದ್ದವು. ನಡುವೆ ಒಂದು ತೆಳ್ಳನೆಯ ಗೆರೆ, ಅಷ್ಟೇ. ಕೆಲಸ ಕಲಿತ ಹೊಸದರಲ್ಲಿ ಆ ಒಂಟಿ ಪುಟವನ್ನು ನೋಡಿದರೆ ನನಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಎಳೆದು ಇನ್ನೊಂದರ ಪಕ್ಕ ಕೂರಿಸಲು ಹೋಗಿ ವೃಷಭೇಂದ್ರಯ್ಯನವರಿಂದ ಬೈಸಿಕೊಂಡಿದ್ದೇನೆ.

ವೃಷಭೇಂದ್ರಯ್ಯನವರು ನಮ್ಮೂರಿನ ಮುದ್ರಣಾಲಯದ ಮಾಲೀಕರು. ನಾನು ಅಲ್ಲಿ ಪುಟ ಕಟ್ಟುವವಳು. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಆಗೊಮ್ಮೆ ಈಗೊಮ್ಮೆ ಒಂದು ಪುಸ್ತಕ. ಅವರು ನನಗೆ ಕಲಿಸಿದ ಮೊದಲ ಪಾಠ ಇದು: “ಸಮಸಂಖ್ಯೆ ಎಡಕ್ಕೆ, ಬೆಸಸಂಖ್ಯೆ ಬಲಕ್ಕೆ. ನಡುವೆ ಪುಟ ಸೇರಿಸಬೇಕಾದರೆ ಎರಡೆರಡೇ ಸೇರಿಸು. ಒಂದು ಸೇರಿಸಿದೆಯೋ, ಮುಂದಿರೋ ಜೋಡಿಗಳೆಲ್ಲ ಮುರಿದುಬಿದ್ದವು ಅಂತಲೇ ಲೆಕ್ಕ.” ಈ ಪಾಠವನ್ನು ನಾನು ಆಮೇಲೆ ಎಷ್ಟು ಜನಕ್ಕೆ ಒಪ್ಪಿಸಿದ್ದೇನೋ ನನಗೇ ಗೊತ್ತಿಲ್ಲ. ಆಗ ನನಗೆ ನನ್ನ ಕಣ್ಣಿನ ಮೇಲೆ ಬಲು ಜಂಭ. ತಪ್ಪು ಬೇರೆಯವರು ಮಾಡುವುದು, ನಾನು ಹಿಡಿಯುವುದು ಎಂದೇ ತಿಳಿದಿದ್ದೆ.

ಒಂದು ದಿನ ರುದ್ರಾಣಿ ಮೇಡಂ ಬಂದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ನನಗೂ ಎರಡು ವರ್ಷ ಕಲಿಸಿದ್ದಾರೆ, ಹಾಗಾಗಿ ಎದ್ದು ನಿಂತೆ.

“ಕೂತ್ಕೊ ಮಾರಾಯ್ತಿ, ನಾನೇನು ಹಾಜರಿ ತಗೊಳ್ಳೋಕೆ ಬಂದಿಲ್ಲ” ಎಂದರು. “ಸೋಬಾನೆ ಹಾಡುಗಳ ಪುಸ್ತಕ ಮಾಡಬೇಕು. ಮೂವತ್ತೆರಡು ಹಾಡು. ಎಡಪುಟದಲ್ಲಿ ನಮ್ಮಮ್ಮ ಹೇಳೋ ಥರ, ಅದೇ ಹಾಡು ಬಲಪುಟದಲ್ಲಿ ಚಿಕ್ಕಮ್ಮ ಹೇಳೋ ಥರ. ಪುಸ್ತಕ ಎಲ್ಲಿ ತೆರೆದರೂ ಇಬ್ಬರೂ ಪಕ್ಕಪಕ್ಕ ಕೂತಿರಬೇಕು. ಆಗುತ್ತಾ?”

“ಅಯ್ಯೋ, ಅದೇನು ಮಹಾ ಮೇಡಂ” ಎಂದೆ.

ಅವರು ನಗಲಿಲ್ಲ. “ಮನೇಲಂತೂ ಕೂರಲ್ಲ. ಹನ್ನೊಂದು ವರ್ಷ ಆಯ್ತು, ಒಬ್ಬರ ಮುಖ ಒಬ್ಬರು ನೋಡಿ. ಮನೆ ಇರೋದು ಎರಡು ಬೀದಿ ಆಚೆ, ಅಷ್ಟೇ. ಈಗ ಅಮ್ಮನಿಗೆ ಮರೆವು ಶುರುವಾಗಿದೆ. ಮೊನ್ನೆ ನನ್ನನ್ನೇ ‘ನೀನು ಯಾರ ಮಗಳವ್ವ?’ ಅಂದರು. ಹಾಡು ಮಾತ್ರ ಒಂದಕ್ಷರ ಮರೆತಿಲ್ಲ. ಚಿಕ್ಕಮ್ಮನ ಮುಖ ನೆನಪಿರೋವಾಗಲೇ ಅವರಿಬ್ಬರೂ ಒಂದು ಮಾತು ಆಡಿಬಿಡಬೇಕು ಕಣೇ. ನನಗೆ ಬೇಕಾಗಿರೋದು ಅಷ್ಟೇ.”

ಅವರ ಅಮ್ಮ ದೇವೀರಮ್ಮ, ಚಿಕ್ಕಮ್ಮ ಚೆನ್ನಾಜಮ್ಮ. ಈ ಅಕ್ಕತಂಗಿಯರಿಲ್ಲದೆ ಒಂದು ಕಾಲದಲ್ಲಿ ನಮ್ಮೂರಲ್ಲಿ ಮದುವೆಯೇ ಆಗುತ್ತಿರಲಿಲ್ಲ. ಹಸೆಮಣೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತು ಸೊಲ್ಲೆತ್ತಿದರೆ ಅಡುಗೆ ಭಟ್ಟರೂ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ. ಜಗಳ ಹುಟ್ಟಿದ್ದೂ ಒಂದು ಮದುವೆಯ ಚಪ್ಪರದಲ್ಲೇ. ಹೆಣ್ಣು ಒಪ್ಪಿಸುವ ಹೊತ್ತಿನ ಹಾಡು. ದೇವೀರಮ್ಮ ಹೇಳುತ್ತಿದ್ದದ್ದು ಹೀಗೆ:

ಹೊಸಿಲ ದಾಟುವಾಗ ಹಿಂದಕ್ಕೆ ನೋಡಬ್ಯಾಡ
ಬಾಸಿಂಗ ಬಾಡೀತು ಬಿಸಿಲೀಗೆ, ನನ ಮಗಳೆ
ಹೋಗವ್ವ ಹೊತ್ತು ಮುಳುಗೀತು

ಚೆನ್ನಾಜಮ್ಮ ಅಂದು ಬೇರೆ ಥರ ಹೇಳಿದರು:

ಹೊಸಿಲ ದಾಟುವಾಗ ಹಿಂತಿರುಗಿ ನೋಡವ್ವ
ಬಾಸಿಂಗ ಬಾಡಿದರೆ ಬಾಡಲಿ, ನನ ಮಗಳೆ
ನಿಂತೀನಿ ನಿನ್ನ ಮೊಕಕಾಗಿ

ಅದುವರೆಗೆ ಅವರು ಈ ಹಾಡಿನಲ್ಲಿ ಅಕ್ಕನ ದಾರಿಯನ್ನೇ ಹಿಡಿಯುತ್ತಿದ್ದರು. ಅಂದು ಹಸೆಯ ಮೇಲಿದ್ದದ್ದು ಅವರ ಮಗಳೇ. ಬಾಯಿಗೆ ಬೇರೆಯದೇ ಬಂದುಬಿಟ್ಟಿತು. ದೇವೀರಮ್ಮ ಇಡೀ ಚಪ್ಪರಕ್ಕೆ ಕೇಳುವಂತೆ “ನಿಲ್ಲಿಸೇ! ಅವ್ವನ ಪದ ಕೆಡಿಸಬೇಡ” ಎಂದು ಗದರಿದರು. ಚೆನ್ನಾಜಮ್ಮ ಒಂದು ಮಾತೂ ಆಡದೆ ಎದ್ದು ಒಳಗೆ ಹೋದರು. ಅಂದಿನಿಂದ ಇಬ್ಬರೂ ಯಾವ ಮದುವೆಯಲ್ಲೂ ಹಾಡಲಿಲ್ಲ.

ಕೆಲಸ ಶುರುವಾಯಿತು. ಸೋಮವಾರ ದೇವೀರಮ್ಮ ಬರುವುದು, ಗುರುವಾರ ಚೆನ್ನಾಜಮ್ಮ. ಅವರು ಹಾಡುವುದು, ನಾನು ಟೈಪ್ ಮಾಡುವುದು. ದೇವೀರಮ್ಮ ಎತ್ತರದ ಆಳು, ಗತ್ತಿನ ಮಾತು. ನನ್ನ ಹೆಸರನ್ನು ಪ್ರತಿ ವಾರ ಹೊಸದಾಗಿ ಕೇಳುತ್ತಿದ್ದರು, ಹಾಡನ್ನು ಮಾತ್ರ ಪಟಪಟನೆ ಹೇಳುತ್ತಿದ್ದರು. ಮೊದಲ ಪ್ರೂಫ್ ತೋರಿಸಿದ ದಿನ ಕನ್ನಡಕ ಏರಿಸಿ ನೋಡಿ, “ನನ್ನನ್ನ ಯಾಕವ್ವ ಎಡಕ್ಕೆ ಹಾಕಿದೀಯ?” ಎಂದರು. “ಸೊಸೆ ಬಲಗಾಲಿಟ್ಟು ಒಳಗೆ ಬರ್ತಾಳೆ. ಎಲೆಯಲ್ಲಿ ಬಲಗೈಯಲ್ಲಿ ಉಣ್ತೀವಿ. ದೊಡ್ಡೋಳು ನಾನು, ನಂಗೆ ಎಡಾನಾ?”

ನನಗೋ ನಗು. ತಡೆದುಕೊಂಡು, “ಇದು ಓದೋರಿಗೆ ಎಡ, ದೇವೀರಮ್ಮನೋರೆ. ಪುಸ್ತಕ ನಮ್ಮ ಎದುರಿಗೆ ಕೂತು ನಮ್ಮನ್ನೇ ನೋಡ್ತಿದೆ ಅಂದ್ಕೊಳ್ಳಿ. ಅದಕ್ಕೆ ಇದು ಬಲ. ಅಲ್ಲದೆ ಓದು ಶುರುವಾಗೋದೇ ಎಡದಿಂದ, ದೊಡ್ಡೋರು ಮೊದಲು” ಎಂದೆ.

“ಹಂಗೋ?” ಎಂದು ಒಂದು ಗಳಿಗೆ ಪರದೆಯನ್ನೇ ನೋಡಿ, “ಹಂಗಾದ್ರೆ ಇರ್ಲಿ” ಎಂದರು. ಆಮೇಲೆ, ಯಾರಿಗೋ ಹೇಳುವವರ ಹಾಗೆ, “ಬಲಕ್ಕೆ ಅವಳು ಹೇಳಿದ್ದು ಬರ್ತದಾ?” ಎಂದು ಕೇಳಿದರು. ಹೌದೆಂದೆ.

ಗುರುವಾರ ಚೆನ್ನಾಜಮ್ಮನಿಗೆ ಬೇರೆ ಕತೆ ಕಟ್ಟಿದೆ. “ಪುಸ್ತಕ ತೆರೆದ ಕೂಡಲೇ ಕಣ್ಣು ಮೊದಲು ಬೀಳೋದು ಬಲಪುಟದ ಮೇಲೆ, ಅದಕ್ಕೇ ನಿಮ್ಮನ್ನ ಅಲ್ಲಿಟ್ಟಿದೀನಿ” ಎಂದೆ. ಅವರು ಹಪ್ಪಳ ಮಾಡಿ ಮಾರುತ್ತಿದ್ದರು. ಕೈಗೆ ಸದಾ ಉದ್ದಿನ ಹಿಟ್ಟಿನ ವಾಸನೆ, ಬರುವಾಗ ಒಂದಿಷ್ಟು ಮುರುಕಲು ಹಪ್ಪಳ ತಪ್ಪದೆ ತರುತ್ತಿದ್ದರು. “ಬಲಾನೋ ಎಡಾನೋ ಬಿಡವ್ವ” ಎಂದು ನಕ್ಕರು. “ಅಕ್ಕ ಹೇಗಿದಾಳೆ? ಕೆಮ್ಮು ಕಡಿಮೆಯಾಯ್ತಾ? ಸೋಮವಾರ ಯಾವ ಸೀರೆ ಉಟ್ಟಿದ್ಲು?”

ಹಾಡಿಗಿಂತ ಮೊದಲು ಈ ಪ್ರಶ್ನೆಗಳು ಮುಗಿಯಬೇಕಾಗಿತ್ತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. “ಇಷ್ಟು ಜೀವ ಇಟ್ಟುಕೊಂಡಿದೀರಲ್ಲ, ಹೋಗಿ ಮಾತಾಡಿಸಬಾರದಾ? ಹನ್ನೊಂದು ವರ್ಷ ಇದೆಂಥಾ ಹಟ?”

“ಅವಳು ಬಾ ಅಂದ್ರೆ ಹೋಗ್ತೀನಿ” ಎಂದರು. “ಕರೆಯದೆ ಹೋದ್ರೆ ಆ ಹಾಡಿನ ಮಾತೇ ಮೊದಲು ಬರ್ತದೆ. ಅದು ಬರಬಾರದು.”

ಅದೇಕೆಂದು ಅವರು ಹೇಳಿದ್ದು ಕೊನೆಯ ಗುರುವಾರ. ಮೂವತ್ತೆರಡನೆಯ ಹಾಡು ಅದೇ, ಹೆಣ್ಣು ಒಪ್ಪಿಸುವ ಹಾಡು. ಹೇಳುತ್ತಾ ಹೇಳುತ್ತಾ ನಡುವೆಯೇ ನಿಲ್ಲಿಸಿದರು. ನಾನು ನೀರು ಕೊಟ್ಟೆ.

“ಅಕ್ಕ ಹೇಳೋದೇ ಮೊದಲಿನ ಪದ ಕಣವ್ವ, ಅವಳದ್ದು ತಪ್ಪಲ್ಲ” ಎಂದರು. “ಅವಳ ಮದುವೇಲಿ ಅವ್ವ ಅದನ್ನೇ ಹೇಳಿದ್ಲು. ಹಿಂದಕ್ಕೆ ನೋಡಬ್ಯಾಡ ಅಂತ. ಅಕ್ಕ ಹೇಳಿದ ಮಾತು ಮೀರೋಳಲ್ಲ. ಹೊಸಿಲು ದಾಟಿದೋಳು ಗಾಡಿ ಹತ್ತೋವರೆಗೂ ಒಂದು ಸಲ ತಿರುಗಿ ನೋಡಲಿಲ್ಲ. ಆದರೆ ಅವ್ವ ಬಾಗಿಲಲ್ಲಿ ಕಾಯ್ತಾ ನಿಂತಿದ್ಲು. ಗಾಡಿ ಕಣ್ಣಿಗೆ ಮರೆಯಾದ ಮೇಲೂ ಒಳಗೆ ಬರಲೇ ಇಲ್ಲ. ನಾನು ಚಿಕ್ಕೋಳು, ಸೆರಗು ಹಿಡಿದು ಎಳೀತಿದ್ದೆ. ಮೂರು ದಿನ ಊಟ ಬಿಟ್ಟಳು. ‘ನನ್ನ ಪದವೇ ನನ್ನ ಮಗಳ ಮುಖ ತಪ್ಪಿಸಿತಲ್ಲೇ ಚೆನ್ನಿ’ ಅಂತ ಅತ್ತಳು. ನನ್ನ ಮದುವೆ ಹೊತ್ತಿಗೆ ಪದಾನೇ ಬದಲಾಯಿಸಿಬಿಟ್ಟಿದ್ಲು. ಅಷ್ಟರಲ್ಲಿ ಅಕ್ಕ ಬಾಣಂತಿ, ನನ್ನ ಮದುವೆಗೆ ಬಂದಿರಲಿಲ್ಲ. ಅವಳಿಗೆ ಗೊತ್ತೇ ಇಲ್ಲ.”

“ಅಂದು ಚಪ್ಪರದಲ್ಲೇ ಹೇಳಬಹುದಿತ್ತಲ್ಲ?”

“ಏನಂತ ಹೇಳಲಿ? ನೀನು ನೋಡದೆ ಹೋದೆ ಅಂತ ಅವ್ವ ಕೊರಗಿದ್ಲು ಅಂತಲಾ? ಬೈದರೆ ಬೈಲಿ, ಅದನ್ನ ಕೇಳಿ ಅವಳು ಹೇಗೆ ಬದುಕಬೇಕು?” ಎಂದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಒಂದು ಉಪಕಾರ ಮಾಡು. ಪುಸ್ತಕದ ಮೊದಲಲ್ಲಿ ನಮ್ಮವ್ವನ ಹೆಸರು ಒಂದು ಪುಟದಲ್ಲಿ ಹಾಕು. ತಿಮ್ಮಾಜಮ್ಮ ಅಂತ. ಬೇರೇನೂ ಬೇಡ” ಎಂದು ಎದ್ದು ಹೋದರು.

ನಾನು ಅಳುವವಳಲ್ಲ. ಅಂದು ಮಾತ್ರ ಅತ್ತೆ. ಹನ್ನೊಂದು ವರ್ಷ ಬೈಸಿಕೊಂಡು, ಒಂಟಿಯಾಗಿ ಹಪ್ಪಳ ಲಟ್ಟಿಸಿಕೊಂಡು, ಅಕ್ಕನ ಸೀರೆಯ ಬಣ್ಣವನ್ನು ಕಂಡವರ ಬಾಯಲ್ಲಿ ಕೇಳಿ ತಿಳಿದುಕೊಳ್ಳುವ ಆ ಹೆಂಗಸಿಗಾಗಿ ಅತ್ತೆ. ಕಣ್ಣೊರೆಸಿಕೊಳ್ಳುತ್ತಲೇ ಪುಸ್ತಕದ ಮೊದಲಿಗೆ ಹೋದೆ. ಬಲಗಡೆ ಆ ಒಂಟಿ ಪುಟ, ಪುಸ್ತಕದ ಹೆಸರು. ಅದರ ಹಿಂದೆಯೇ ಒಂದು ಪುಟ ಸೇರಿಸಿ, ನಡುಮಧ್ಯೆ ‘ತಿಮ್ಮಾಜಮ್ಮ’ ಎಂದು ಕೂರಿಸಿದೆ. ಎಷ್ಟು ಚೆಂದ ಕಂಡಿತೆಂದರೆ, ಮುಂದಕ್ಕೆ ಒಂದು ಪುಟವನ್ನೂ ತಿರುವಿ ನೋಡದೆ ಕಡತವನ್ನು ಅಚ್ಚಿನ ಪ್ಲೇಟು ಮಾಡಲು ಕಳಿಸಿದೆ. ಕೊನೆಯಲ್ಲಿ ಮೂರು ಖಾಲಿ ಪುಟ ಉಳಿದಿದ್ದವು, ಹೊಸ ಪುಟ ಸೇರಿ ಅದರಲ್ಲಿ ಒಂದು ಕಡಿಮೆಯಾದದ್ದು ಅಚ್ಚಿನ ಮಿಷನ್ನಿನವರ ಗಮನಕ್ಕೂ ಬರಲಿಲ್ಲ.

ಬೈಂಡಿಂಗ್ ಮುಗಿದು ಪುಸ್ತಕಗಳು ಮೇಜಿಗೆ ಬಂದಾಗ ಸಂಭ್ರಮದಿಂದ ನಡುವೆ ತೆರೆದೆ. ಎಡಕ್ಕೆ ಚೆನ್ನಾಜಮ್ಮನ ಅರಿಸಿನದ ಹಾಡು. ಬಲಕ್ಕೆ ದೇವೀರಮ್ಮನ ಬಳೆ ತೊಡಿಸುವ ಹಾಡು. ಮುಂದೆ ತಿರುವಿದೆ, ಹಿಂದೆ ತಿರುವಿದೆ, ಎಲ್ಲ ಕಡೆಯೂ ಅದೇ. ಒಂದು ಪುಟ ಸೇರಿಸಿ ಮೂವತ್ತೆರಡು ಜೋಡಿಗಳನ್ನೂ ಮುರಿದಿದ್ದೆ. ಒಂದೇ ಹಾಡನ್ನು ಹೇಳುವ ಅಕ್ಕತಂಗಿಯರು ಒಂದೇ ಹಾಳೆಯ ಆ ಮಗ್ಗುಲು ಈ ಮಗ್ಗುಲಿಗೆ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು. ರುದ್ರಾಣಿ ಮೇಡಂ ಕೇಳಿದ್ದು ಒಂದೇ ಒಂದು, ಅದನ್ನೇ ಕೆಡಿಸಿದ್ದೆ.

ವೃಷಭೇಂದ್ರಯ್ಯನವರು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. “ಊರಿಗೆಲ್ಲ ಪಾಠ ಹೇಳೋಳು ನೀನೇ ಅಲ್ವೇನಮ್ಮ” ಎಂದಷ್ಟೇ ಅಂದು, “ಹತ್ತು ಪ್ರತಿ ಬೆಳಿಗ್ಗೆಯೇ ಅವರ ಮನೆಗೆ ಹೋಗಿದೆ. ನೀನೇ ಹೋಗಿ ಒಪ್ಪಿಕೊಂಡು ಬಾ. ಬೇಕೆಂದರೆ ಮತ್ತೆ ಅಚ್ಚು ಹಾಕಿಕೊಡೋಣ” ಎಂದರು.

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹೊಂದಿಸಿಕೊಳ್ಳುತ್ತಾ ಹೋದೆ. ಮಧ್ಯಾಹ್ನದ ಹೊತ್ತು. ರುದ್ರಾಣಿ ಮೇಡಂ ಬಾಗಿಲಲ್ಲೇ ನಿಂತಿದ್ದರು. ನಾನು “ಮೇಡಂ, ತಪ್ಪಾಗಿಹೋಯ್ತು” ಎನ್ನುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟು ಒಳಗೆ ತೋರಿಸಿದರು.

ನಡುಮನೆಯ ಚಾಪೆಯ ಮೇಲೆ ದೇವೀರಮ್ಮ ಪುಸ್ತಕ ಹಿಡಿದು ಕೂತಿದ್ದರು. ಒಂದು ಹಾಳೆಯ ಈ ಮಗ್ಗುಲನ್ನು ಗುನುಗಿದರು. ತಿರುವಿದರು. ಆ ಮಗ್ಗುಲಿನಲ್ಲಿದ್ದದ್ದನ್ನು ಬೆರಳಿಟ್ಟು ಓದಿದರು. ಹಾಡಲಿಲ್ಲ. ಮತ್ತೆ ಹಿಂದಕ್ಕೆ ತಿರುವಿ, ತಮ್ಮದನ್ನು ಹಾಡಿ, ಮತ್ತೆ ತಿರುವಿ, ಸುಮ್ಮನೆ ಕಾದರು. ನನ್ನನ್ನು ಕಂಡು, “ಇದರ ಇನ್ನೊಂದು ಮಗ್ಗುಲು ಹಾಡೋಳು ಎಲ್ಲವ್ವ?” ಎಂದರು. “ನನ್ನದು ಮುಗೀತು. ಅವಳು ಎತ್ತಿಕೋಬೇಕು. ಎಲ್ಲಿ ಹೋದ್ಲು? ಕರೀರಿ ಅವಳನ್ನ.”

“ಬೆಳಿಗ್ಗೆಯಿಂದ ಇದೇ” ಎಂದು ರುದ್ರಾಣಿ ಮೇಡಂ ನನ್ನ ಕೈ ಹಿಡಿದರು. “ಇಷ್ಟು ವರ್ಷದಲ್ಲಿ ‘ಅಮ್ಮ ಕರೀತಾರೆ’ ಅಂತ ನಾನೇ ಹತ್ತು ಸಲ ಕರೆದು ಬಂದಿದೀನಿ, ಈಗ ನನ್ನ ಮಾತು ನಂಬಲ್ಲ ಚಿಕ್ಕಮ್ಮ. ನೀನು ಓಡು. ಅಮ್ಮನೇ ಕರೀತಿದಾರೆ ಅಂತ ಹೇಳು. ಈ ನೆನಪು ಸಂಜೆಗೆ ಇರುತ್ತೋ ಇಲ್ಲವೋ.”

ಓಡಿದೆ. ಚೆನ್ನಾಜಮ್ಮ ಹಪ್ಪಳದ ಹಿಟ್ಟು ಕುಟ್ಟುತ್ತಿದ್ದರು. ಉಸಿರು ಕಟ್ಟಿ “ಅಕ್ಕ ಕರೀತಿದಾರೆ, ಅವರೇ, ಅವರ ಬಾಯಿಂದಲೇ” ಎಂದೆ. ಒನಕೆ ಹಾಗೇ ಗೋಡೆಗೆ ಒರಗಿತು. ಕೈ ತೊಳೆಯಬೇಕೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡು ಬೀದಿಯನ್ನು ಬಿರುಬಿರನೆ ನಡೆದು ಬಂದ ಹೆಂಗಸು ಬಾಗಿಲಲ್ಲಿ ನಿಂತುಬಿಟ್ಟರು. ದೇವೀರಮ್ಮ ತಲೆಯೆತ್ತಿ ನೋಡಿದರು. ಒಂದು ಗಳಿಗೆ ಆ ಮುಖದಲ್ಲಿ ಏನೂ ಇರಲಿಲ್ಲ.

“ಬಂದ್ಯಾ ಚೆನ್ನಿ?” ಎಂದರು. “ಎಷ್ಟು ಹೊತ್ತೇ! ಕೂತ್ಕೊ.”

ಹನ್ನೊಂದು ವರ್ಷ ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಹಿತ್ತಲಿಗೆ ಹೋಗಿ ತಡವಾಗಿ ಬಂದವಳನ್ನು ಕೇಳಿದ ಹಾಗಿತ್ತು. ಚೆನ್ನಾಜಮ್ಮ ಎದುರಿಗೆ ಕುಸಿದು ಕೂತರು. ಅಕ್ಕ ಪುಸ್ತಕವನ್ನು ಮಣೆಯ ಮೇಲೆ ನೆಟ್ಟಗೆ ನಿಲ್ಲಿಸಿದರು. ಉಳಿದ ಹಾಳೆಗಳನ್ನು ಆಚೀಚೆ ಸರಿಸಿ, ಒಂದೇ ಒಂದು ಹಾಳೆಯನ್ನು ಇಬ್ಬರ ನಡುವೆ ಎಬ್ಬಿಸಿ ಹಿಡಿದರು. ಈಗ ಈಚೆ ಕೂತವರಿಗೆ ಈಚೆಯ ಹಾಡು ಕಾಣುತ್ತಿತ್ತು, ಆಚೆ ಕೂತವರಿಗೆ ಆಚೆಯದು. ನಾನು ಕಟ್ಟಿದ್ದು ಸರಿಯಾಗಿದ್ದರೆ ಒಬ್ಬರ ಪಕ್ಕ ಒಬ್ಬರು ಕೂತು ಓದಬೇಕಾಗಿತ್ತು. ತಪ್ಪಿದ್ದರಿಂದ ಎದುರುಬದುರು ಕೂತಿದ್ದರು.

ಹಾಡಿದರು. ಹಾಡು ಹಾಡಿಗೂ ಜಗಳವೂ ಆಯಿತು. “ಅಲ್ಲಿ ಎಳೀಬೇಡ್ವೇ”, “ನೀನು ನುಂಗಬೇಡ ಮತ್ತೆ” ಎನ್ನುತ್ತಲೇ ಹಾಳೆ ಮೇಲೆ ಹಾಳೆ ತಿರುವಿದರು. ರುದ್ರಾಣಿ ಮೇಡಂ ಗೋಡೆಗೊರಗಿ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ನಾನು ಕೊನೆಯ ಹಾಳೆ ಬಾರದಿರಲಿ ಎಂದು ದೇವರಿಗೆ ಹರಕೆ ಹೊತ್ತೆ.

ಬಂತು. ದೇವೀರಮ್ಮ ಎತ್ತಿದರು, “ಹೊಸಿಲ ದಾಟುವಾಗ ಹಿಂದಕ್ಕೆ ನೋಡಬ್ಯಾಡ.” ಚೆನ್ನಾಜಮ್ಮ ತಮ್ಮ ಕಣ್ಣೆದುರು ಅಚ್ಚಾಗಿದ್ದದ್ದನ್ನು ಬಿಟ್ಟು, ಅಕ್ಕನ ಮಾತನ್ನೇ ಹಿಡಿದು, “ಹಿಂದಕ್ಕೆ ನೋಡಬ್ಯಾಡ” ಎಂದೇ ಹಾಡಿದರು.

ದೇವೀರಮ್ಮ ನಿಲ್ಲಿಸಿದರು. “ಸುಳ್ಳಿ. ನಿನ್ನ ಮಗ್ಗುಲಲ್ಲಿ ಹಾಗಿಲ್ಲ. ನಾನು ಬೆಳಿಗ್ಗೆಯಿಂದ ಓದಿದೀನಿ. ಅಲ್ಲಿರೋದನ್ನ ಹಾಡು.”

ಚೆನ್ನಾಜಮ್ಮ ನನ್ನ ಕಡೆ ನೋಡಿದರು. ಸಣ್ಣ ದನಿಯಲ್ಲಿ ಹಾಡಿದರು. ಹಿಂತಿರುಗಿ ನೋಡವ್ವ. ನಿಂತೀನಿ ನಿನ್ನ ಮೊಕಕಾಗಿ.

“ಅವ್ವ ನಿನಗೆ ಹಿಂಗೆ ಹೇಳಿದ್ಲಾ?”

“ಹೂಂ.”

“ಚೆನ್ನಾಗದೆ” ಎಂದರು ದೇವೀರಮ್ಮ. ಆಮೇಲೆ ಚಿಕ್ಕ ಹುಡುಗಿಯ ಹಾಗೆ ಕೇಳಿದರು: “ನಂಗ್ಯಾಕೆ ಹೇಳಲಿಲ್ಲ?”

ಅಕ್ಕ ನೇರವಾಗಿ ಕೇಳಿದರೆ ಚೆನ್ನಾಜಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ನೀನು ತಿರುಗಿ ನೋಡದೆ ಹೋದೆಯಲ್ಲಕ್ಕ” ಎಂದರು. “ಅವ್ವ ಬಾಗಿಲಲ್ಲೇ ಕಾಯ್ತಿದ್ಲು. ಆಮೇಲೆ ಪದ ಬದಲಾಯಿಸಿದ್ಲು. ನಿಂಗೆ ಹೇಳಬಾರದು ಅಂತಿದ್ದೆ.”

ದೇವೀರಮ್ಮ ಹಾಳೆಯನ್ನೇ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ, ಕೇಳಿಸಿದ್ದು ಉಳಿಯಿತೋ ಇಲ್ಲವೋ, ನನಗೆ ತಿಳಿಯಲಿಲ್ಲ.

“ನೋಡಿದೆ ಕಣೇ” ಎಂದರು.

“ಏನು?”

“ಗಾಡಿ ಹತ್ತಿ ಕೂತ ಮೇಲೆ ಹಿಂದೆ ಮರೆಗೆ ಕಟ್ಟಿದ್ದ ಚಾಪೆ ಒಂಚೂರು ಎತ್ತಿ ನೋಡಿದೆ. ಅವ್ವ ನಿಂತಿದ್ಲು. ನೀನು ಅವಳ ಸೆರಗು ಹಿಡ್ಕೊಂಡಿದ್ದೆ, ನಿನ್ನ ಒಂದು ಜಡೆ ಬಿಚ್ಚಿಹೋಗಿತ್ತು. ತಿರುವು ಬರೋವರೆಗೂ ನೋಡಿದೆ. ಅವಳಿಗೆ ಕಾಣದಂಗೆ ನೋಡಿದೆ.”

ಚೆನ್ನಾಜಮ್ಮ ಗೊಳೋ ಎಂದು ಅತ್ತುಬಿಟ್ಟರು. “ಅಯ್ಯೋ ನಮ್ಮಕ್ಕನೇ! ಅವ್ವನಿಗೆ ಒಂದು ಮಾತು ಹೇಳಬಾರದಿತ್ತೇನೇ?”

“ನೋಡಬ್ಯಾಡ ಅಂದಿದ್ಲಲ್ಲ” ಎಂದರು ದೇವೀರಮ್ಮ. “ಮಾತು ಮೀರಿದೆ ಅಂತ ಹೆಂಗೆ ಹೇಳಲಿ? ಬೈತಾಳೆ ಅಂತ ಭಯ ಕಣೇ ನಂಗೆ.”

ರುದ್ರಾಣಿ ಮೇಡಂ ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಲಿಲ್ಲ. ಅದು ಆಮೇಲಿನ ಮಾತು. ಅಂದು ಮಧ್ಯಾಹ್ನ ನಾನು ಹೊರಡಲೆಂದು ಎದ್ದಾಗ ಅವರಿಬ್ಬರೂ ಅದೇ ಹಾಡನ್ನು ಮತ್ತೆ ಎತ್ತಿಕೊಂಡಿದ್ದರು. ಒಬ್ಬರು ನೋಡಬ್ಯಾಡ ಎಂದು, ಒಬ್ಬರು ನೋಡವ್ವ ಎಂದು, ಇಬ್ಬರೂ ಒಟ್ಟಿಗೆ. ನಡುವೆ ಎದ್ದು ನಿಂತಿದ್ದ ಹಾಳೆಯಿಂದ ನಾನಿದ್ದ ಕಡೆಗೆ ಅವರ ಮುಖಗಳು ಪೂರ್ತಿ ಕಾಣುತ್ತಿರಲಿಲ್ಲ. ಸರಿಯಾಗಿ ಕಾಣುತ್ತಿದ್ದದ್ದು ಬೆರಳುಗಳು ಮಾತ್ರ. ಹಾಳೆ ಮಗುಚಿಕೊಳ್ಳದ ಹಾಗೆ ಅಂಚಿನ ಈಚೆಯಿಂದ ನಾಲ್ಕು ಬೆರಳು, ಆಚೆಯಿಂದ ಹಿಟ್ಟು ಮೆತ್ತಿದ ನಾಲ್ಕು ಬೆರಳು.